ಬೊಂಬೆ ಇಲ್ಲ ಅಂತ ಪಾಠ ನಿಲ್ಲಿಸುತ್ತೀರಾ?

ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ಮಕ್ಕಳ ನರ್ಸಿಂಗ್ ಉಪನ್ಯಾಸಕಿಯೊಬ್ಬರ ಉತ್ತರ

ಪ್ರಶ್ನೆ: ನಾನು ಕಲಬುರಗಿಯಲ್ಲಿ ನರ್ಸಿಂಗ್ ಪಾಠ ಮಾಡುತ್ತೇನೆ. ಟ್ರಾಕಿಯೋಸ್ಟಮಿ (ಉಸಿರಾಟಕ್ಕೆ ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಇಡುವುದು) ಆದ ಮಕ್ಕಳು, ಟ್ಯೂಬಿನಲ್ಲಿ ಊಟ ಮಾಡುವ ಮಕ್ಕಳು ಹೈದರಾಬಾದ್, ಸೋಲಾಪುರಕ್ಕೆ ಹೋಗಿಬಿಡುತ್ತಾರೆ. ನಮ್ಮಲ್ಲಿ ಸಿಮ್ಯುಲೇಟರ್ ಬೊಂಬೆಯೂ ಇಲ್ಲ. ಹೇಗೆ ಕಲಿಸುವುದು ಮೇಡಂ?

ಉತ್ತರ: ಹೋಗುತ್ತಾರೆ, ಸರಿ. ಅಲ್ಲೇ ಉಳಿಯುತ್ತಾರಾ? ಆಪರೇಷನ್ ಮುಗಿದ ಮೇಲೆ ಅದೇ ಮಗು ಕುತ್ತಿಗೆಯಲ್ಲಿ ಟ್ಯೂಬ್ ಇಟ್ಟುಕೊಂಡು ಜೇವರ್ಗಿಗೋ ಚಿಂಚೋಳಿಗೋ ವಾಪಸ್ ಬರುತ್ತದೆ. ರಾತ್ರಿ ಟ್ಯೂಬ್ ಕಟ್ಟಿಕೊಂಡರೆ ತಾಯಿ ಹೈದರಾಬಾದ್ ಬಸ್ ಹತ್ತುವುದಿಲ್ಲ, ಹತ್ತಿರದ ಆಸ್ಪತ್ರೆಗೆ ಓಡುತ್ತಾಳೆ. ಅಲ್ಲಿ ಡ್ಯೂಟಿಯಲ್ಲಿ ಇರುವುದು ನಿಮ್ಮ ವಿದ್ಯಾರ್ಥಿಯೇ. ಬೊಂಬೆಯ ನೆಪ ಕೇಳಿ ಕೇಳಿ ಸಾಕಾಗಿದೆ.

ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಬೊಂಬೆ ತನ್ನಿ. ಕುತ್ತಿಗೆಗೆ ತೂತು ಮಾಡಿ, ಅವಧಿ ಮುಗಿದ ಟ್ರಾಕಿಯೋಸ್ಟಮಿ ಟ್ಯೂಬ್ ಸಿಕ್ಕಿಸಿ. ದಾರ ಕಟ್ಟುವುದನ್ನು ಮೊದಲು ಕಲಿಸಿ. ದಾರದ ಕೆಳಗೆ ಒಂದು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಬೇಡ. ಕಫ ಎಳೆಯುವ ಸಣ್ಣ ನಳಿಕೆ, ಅಂದರೆ ಸಕ್ಷನ್ ಕ್ಯಾತಿಟರ್, ಅದರ ಸೈಜು ಸಾಮಾನ್ಯವಾಗಿ ಟ್ಯೂಬಿನ ಒಳ ಅಳತೆಯ ಎರಡರಷ್ಟು. 4 ಮಿ.ಮೀ. ಟ್ಯೂಬಿಗೆ 8 ಫ್ರೆಂಚ್ (ಕ್ಯಾತಿಟರ್ ದಪ್ಪದ ಅಳತೆ). ಎಷ್ಟು ಆಳ ಹಾಕಬೇಕು ಅನ್ನುವುದನ್ನು ಅದೇ ಸೈಜಿನ ಇನ್ನೊಂದು ಟ್ಯೂಬ್ ಪಕ್ಕ ಇಟ್ಟು ಅಳೆದುಕೊಳ್ಳಬೇಕು. ತಡೆ ಸಿಗುವ ತನಕ ತಳ್ಳುವುದಲ್ಲ. ಒಂದು ಸಲಕ್ಕೆ 5ರಿಂದ 10 ಸೆಕೆಂಡ್, ಅಷ್ಟೇ. ವಿದ್ಯಾರ್ಥಿ ತನ್ನ ಉಸಿರನ್ನೂ ಹಿಡಿದುಕೊಂಡು ಮಾಡಲಿ, ಆಗ 10 ಸೆಕೆಂಡ್ ಅಂದರೆ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಪ್ರತಿ ಸಲ ಸಲೈನ್ ಬಿಡುವ ಹಳೇ ಚಾಳಿಯನ್ನು ದಯವಿಟ್ಟು ಮುಂದಿನ ಬ್ಯಾಚಿಗೆ ದಾಟಿಸಬೇಡಿ.

ಆಮೇಲೆ ಲೈಟ್ ಆರಿಸಿ. ಟ್ಯೂಬ್ ಕಿತ್ತು ಕೈಗೆ ಬಂದಿದೆ, ಕರೆಂಟ್ ಇಲ್ಲ, ಸಕ್ಷನ್ ಮಷಿನ್ ಸತ್ತಿದೆ ಅಂತ ಹೇಳಿ ನೋಡಿ. ಅದೇ ಸೈಜಿನ ಟ್ಯೂಬ್ ಒಂದು, ಅರ್ಧ ಮಿ.ಮೀ. ಚಿಕ್ಕದು ಇನ್ನೊಂದು, ಮಗುವಿನ ತಲೆಯ ಹತ್ತಿರವೇ ಇರಬೇಕು. ಬೀರುವಿನಲ್ಲಿ ಬೀಗ ಹಾಕಿಟ್ಟ ಟ್ಯೂಬ್ ಇದ್ದೂ ಇಲ್ಲದ ಹಾಗೆ. ಕಾಲಲ್ಲಿ ಒತ್ತುವ ಸಕ್ಷನ್ ಒಂದಾದರೂ ಇರಲಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ನಾನು ಬೇರೆ ಹೇಳಬೇಕಾ?

ಇನ್ನು ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸುವ ಊಟದ ಟ್ಯೂಬ್. ಸಿರಿಂಜಿನಲ್ಲಿ ಗಾಳಿ ಹಾಕಿ, ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು, ಗುರ್ ಅಂತ ಸದ್ದು ಬಂತು, ಟ್ಯೂಬ್ ಸರಿಯಾಗಿದೆ ಅನ್ನುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಟ್ಯೂಬ್ ಶ್ವಾಸಕೋಶದಲ್ಲಿ ಇದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಿಸಬಹುದು. ಬ್ರಿಟನ್ನಿನಲ್ಲಿ 2005ರಲ್ಲೇ ಇದನ್ನು ನಂಬಬೇಡಿ ಅಂತ ಎಚ್ಚರಿಕೆ ಕೊಟ್ಟರು. ನಾವು ಇನ್ನೂ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ಸ್ ಕೊಡುತ್ತಿದ್ದೇವೆ! ಒಳಗಿನ ರಸ ಎಳೆದು ಪಿಎಚ್ ಪಟ್ಟಿಯಲ್ಲಿ ನೋಡಿ. 5.5 ಅಥವಾ ಕಡಿಮೆ ಇದ್ದರೆ ಊಟ ಕೊಡಬಹುದು. ಆಸಿಡ್ ಕಡಿಮೆ ಮಾಡುವ ಔಷಧ ತಗೊಳ್ಳುವ ಮಗುವಿನಲ್ಲಿ ಪಿಎಚ್ ಜಾಸ್ತಿ ಬರಬಹುದು. ಅನುಮಾನ ಬಂದರೆ ಎಕ್ಸ್‌ರೇ, ಅಲ್ಲಿಯ ತನಕ ಒಂದು ಹನಿಯೂ ಬೇಡ. ಮೂಗಿನ ಹತ್ತಿರದ ಗುರುತು ಜರುಗಿದೆಯಾ ಅಂತ ಪ್ರತಿ ಊಟಕ್ಕೂ ಮೊದಲು ನೋಡಲೇಬೇಕು.

ಬೊಂಬೆ ಕಲಿಸದ ಪಾಠ ಒಂದಿದೆ, ಅದು ತಾಯಿಯ ಹತ್ತಿರ ಸಿಗುತ್ತದೆ. ಎಷ್ಟೋ ತಿಂಗಳು ಆ ಮಗುವಿನ ಕಫ ಎಳೆದವಳು ಅವಳು. ಉಸಿರಿನ ಸದ್ದು ಸ್ವಲ್ಪ ಬದಲಾದರೂ ಅವಳಿಗೆ ತಿಳಿಯುತ್ತದೆ, ಮಾನಿಟರ್ ಆಮೇಲೆ ಕೂಗುತ್ತದೆ. ನಮ್ಮ ಹುಡುಗಿಯರು ವಾರ್ಡಿಗೆ ಬಂದ ಕೂಡಲೇ 'ಸ್ವಲ್ಪ ಹೊರಗೆ ಹೋಗಿ' ಅಂತ ಅವಳನ್ನೇ ಕಳಿಸುತ್ತಾರೆ! ನಾನು ಮೊದಲು ಕಲಿಸುವ ಮಾತು ಇದು: 'ಅಕ್ಕಾ, ನೀವು ಮನ್ಯಾಗ ಹ್ಯಾಂಗ ಮಾಡ್ತೀರಿ, ಸ್ವಲ್ಪ ತೋರಸ್ರಿ.' ಅವಳು ಮಾಡುವುದನ್ನು ಪೂರ್ತಿ ನೋಡಿ, ತಪ್ಪಿದ್ದರೆ ಆಮೇಲೆ ತಿದ್ದಿ. ಎಲ್ಲರ ಎದುರು ಬೇಡ.

ಇಂಥ ಮಕ್ಕಳನ್ನು ಹುಡುಕುವುದು ಹೇಗೆ ಅಂತ ಕೇಳಬೇಡಿ. ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಶುರು ಮಾಡುವ ಕೇಂದ್ರ) ಒಂದು ಬೆಳಿಗ್ಗೆ ಕೂತುಕೊಳ್ಳಿ. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯಾದ ಆರ್‌ಬಿಎಸ್‌ಕೆಯ ತಂಡ ಅಂಗನವಾಡಿ, ಶಾಲೆಗಳಲ್ಲಿ ಗುರುತಿಸಿದ ಮಕ್ಕಳು ಬರುವುದು ಅಲ್ಲಿಗೇ.

ಪ್ರಶ್ನೆ: ಯೂಟ್ಯೂಬ್ ನೋಡಿ ಸಕ್ಷನ್ ಕಲಿತರೆ ಆಗುತ್ತಾ? (ವಿದ್ಯಾರ್ಥಿ, ಬೀದರ್)

ಉತ್ತರ: ಯೂಟ್ಯೂಬ್ ನೋಡಿ ಈಜು ಕಲಿತವನ ಜೊತೆ ನೀವು ಭೀಮಾ ನದಿಗೆ ಇಳಿಯುತ್ತೀರಾ?

ಪ್ರಶ್ನೆ: ಹುಡುಗರಿಗೆ ಮಕ್ಕಳ ವಾರ್ಡ್ ಪೋಸ್ಟಿಂಗ್ ಕಡ್ಡಾಯವಾ?

ಉತ್ತರ: ಕಡ್ಡಾಯ. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಹಳ್ಳಿ ಪೋಸ್ಟಿಂಗ್‌ನಲ್ಲಿ ಒಂದು ಮಗುವಿಗೆ ಪದೇ ಪದೇ ಫಿಟ್ಸ್. ಹೊಟ್ಟೆ ಮೇಲೆ ಬರೆ ಹಾಕಿಸಿದ್ದಾರೆ. ಅಜ್ಜಿಗೆ ಏನು ಹೇಳಲಿ? (ವಿದ್ಯಾರ್ಥಿನಿ, ಯಾದಗಿರಿ)

ಉತ್ತರ: ಬರೆಯಿಂದ ಫಿಟ್ಸ್ ನಿಲ್ಲುವುದಿಲ್ಲ. ಸುಟ್ಟ ಗಾಯ ಕೀವಾಗುತ್ತದೆ, ಆಸ್ಪತ್ರೆಗೆ ಬರುವುದು ತಡವಾಗುತ್ತದೆ, ಅಷ್ಟೇ ಲಾಭ. ಅಜ್ಜಿಯನ್ನು ಬೈಯಬೇಡಿ, ಮೊಮ್ಮಗು ಬದುಕಲಿ ಅಂತಲೇ ಕರೆದುಕೊಂಡು ಹೋಗಿದ್ದಾಳೆ. ಬೈಯಬೇಕಾದ್ದು ದುಡ್ಡು ತಗೊಂಡು ಕೂಸಿನ ಚರ್ಮ ಸುಡುವವನನ್ನು. ಅಜ್ಜಿಗೆ ಬೇರೆ ಕೆಲಸ ಕೊಡಿ: ಮಗುವನ್ನು ಪಕ್ಕಕ್ಕೆ ಮಲಗಿಸುವುದು, ಗಡಿಯಾರ ನೋಡುವುದು. 5 ನಿಮಿಷ ದಾಟಿದರೆ ಫಿಟ್ಸ್ ನಿಲ್ಲಿಸಲು ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಪ್ರೇ ಹೊಡೆಯಬೇಕು, ಗಾಡಿ ಕರೆಸಬೇಕು. ಬಾಯಿಗೆ ಚಮಚ ಬೇಡ, ನೀರು ಬೇಡ. ಕೈಗೆ ಕಬ್ಬಿಣದ ಕೀ, ಮೂಗಿಗೆ ಈರುಳ್ಳಿ, ಅದೆಲ್ಲ ಸುಮ್ನೆ ಟೈಮ್ ವೇಸ್ಟ್.

ಪ್ರಶ್ನೆ: ಮಕ್ಕಳ ಡೋಸ್ ಅಂದರೆ ದೊಡ್ಡವರ ಅರ್ಧ ಅಂತ ಲೆಕ್ಕ ಹಾಕಬಹುದಾ?

ಉತ್ತರ: ಬೇಡವೇ ಬೇಡ. ಮೊದಲು ತೂಕ ನೋಡಿ, ಅಂದಾಜು ಬೇಡ. 7.5 ಕೆಜಿ ಮಗುವಿಗೆ ಕೆಜಿಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಬರೆದಿದ್ದರೆ 112.5 ಮಿ.ಗ್ರಾಂ. 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ ಆದರೆ 4.5 ಮಿ.ಲೀ. 250ರ ಸಿರಪ್ ಆದರೆ 2.25 ಮಿ.ಲೀ. ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಡ್ರಾಪ್ಸ್ ಅನ್ನು ಸಿರಪ್ ಅಂದುಕೊಂಡು ಅದೇ 4.5 ಮಿ.ಲೀ. ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು 450 ಮಿ.ಗ್ರಾಂ. ಬಾಟಲಿ ಮೇಲಿನ ಅಂಕಿಯನ್ನು ಜೋರಾಗಿ ಓದದವರ ಕೈಗೆ ನಾನು ಸಿರಿಂಜ್ ಕೊಡುವುದಿಲ್ಲ.