ವಾರಕ್ಕೊಮ್ಮೆಯ ಫಿಸಿಯೋಥೆರಪಿ ಸಾಕೇ?

ಪ್ರಶ್ನೆ: ಆರು ವಾರಗಳ ಹಿಂದೆ ನನ್ನ ತಾಯಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲಿನ ಶಕ್ತಿ ಕುಂದಿದೆ. ಆಸ್ಪತ್ರೆಯಲ್ಲಿದ್ದಾಗ ದಿನವೂ ಫಿಸಿಯೋಥೆರಪಿ ನಡೆಯುತ್ತಿತ್ತು. ಈಗ ಹತ್ತಿರದಲ್ಲಿ ಆ ಸೌಲಭ್ಯವಿಲ್ಲದೆ ವಾರಕ್ಕೊಮ್ಮೆ ದೂರ ಕರೆದೊಯ್ಯುತ್ತಿದ್ದೇವೆ. ಅಷ್ಟು ಸಾಕೇ? ಔಷಧ ನಡೆಯುತ್ತಿರುವುದರಿಂದ, ಸ್ವಲ್ಪ ಗಟ್ಟಿಯಾದ ಮೇಲೆ ವ್ಯಾಯಾಮ ಹೆಚ್ಚಿಸಿದರೆ ಆಗದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಕಾಯಬೇಡಿ. ಪಾರ್ಶ್ವವಾಯುವಿನ ನಂತರ ಕೊಡುವ ಔಷಧಗಳ ಮುಖ್ಯ ಕೆಲಸ ಮತ್ತೊಂದು ಆಘಾತವಾಗದಂತೆ ತಡೆಯುವುದು. ಕಳೆದುಹೋದ ಚಲನೆಯನ್ನು ಅವು ಮರಳಿ ತಂದುಕೊಡುವುದಿಲ್ಲ. ಹಾನಿಗೊಂಡ ಭಾಗದ ಕೆಲಸವನ್ನು ಮಿದುಳಿನ ಉಳಿದ ಭಾಗಗಳು ಹೊಸದಾಗಿ ಕಲಿಯಬೇಕಾಗುತ್ತದೆ, ಆ ಕಲಿಕೆ ನಡೆಯುವುದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದರಿಂದ. ಸಾಮಾನ್ಯವಾಗಿ ಮೊದಲ 3 ತಿಂಗಳಲ್ಲಿ ಸುಧಾರಣೆ ಚುರುಕಾಗಿರುತ್ತದೆ. ಅನಂತರವೂ ನಿಲ್ಲುವುದಿಲ್ಲ, ಆದರೆ ನಿಧಾನವಾಗುತ್ತದೆ. ಈ ನಡುವೆ ಬಳಕೆಯಿಲ್ಲದ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಮೀನಖಂಡ ಗಿಡ್ಡವಾಗಿ ಪಾದ ಕೆಳಮುಖವಾಗಿ ಬಾಗಿಯೇ ಉಳಿಯುವ ಅಪಾಯವಿದೆ; ಹಾಗಾದರೆ ಮುಂದೆ ಕಾಲಿಗೆ ಶಕ್ತಿ ಬಂದರೂ ಹಿಮ್ಮಡಿ ನೆಲಕ್ಕೆ ಊರುವುದು ಕಷ್ಟ.

ಆದ್ದರಿಂದ ವಾರಕ್ಕೊಂದು ಗಂಟೆ ಮಾತ್ರ ಸಾಲದು. ಇದು ನಿಮ್ಮ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಡಿಮೆ ಮತ್ತು ಮಧ್ಯಮ ಆದಾಯದ ಕೆಲವು ದೇಶಗಳಲ್ಲಿ ಪುನಶ್ಚೇತನ ಚಿಕಿತ್ಸೆ ಬೇಕಾದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಸಿಗುತ್ತಲೇ ಇಲ್ಲ. ಜೀವ ಉಳಿಸಲು ಅಷ್ಟೊಂದು ಶ್ರಮಿಸಿದ ಮೇಲೆ, ಮತ್ತೆ ನಡೆಯಲು ಕಲಿಸುವ ಹೊಣೆಯನ್ನು ಹೆದರಿದ ಮನೆಮಂದಿಯ ಕೈಗೆ ಬಿಡುವುದು ಸರಿಯಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯಷ್ಟೇ ಸ್ಪಷ್ಟವಾಗಿ ವ್ಯಾಯಾಮವನ್ನೂ ಬರೆದುಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ನೀವು ಮಾಡಬಹುದಾದದ್ದು, ಆ ವಾರದ ಭೇಟಿಯನ್ನು ನೀವೇ ಕಲಿಯುವ ಪಾಠವಾಗಿ ಬದಲಾಯಿಸಿಕೊಳ್ಳುವುದು. ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬರೆಸಿಕೊಳ್ಳಿ. ಚಿಕಿತ್ಸಕರೆದುರೇ ನೀವು ಮಾಡಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಕುರ್ಚಿಯಿಂದ ಏಳುವುದನ್ನೇ ನೋಡಿ: ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಎರಡೂ ಕಾಲಿಗೆ ಭಾರ ಕೊಟ್ಟು ಏಳಬೇಕು. ಬಹಳಷ್ಟು ರೋಗಿಗಳು ಎಲ್ಲ ಭಾರವನ್ನೂ ಒಳ್ಳೆಯ ಕಾಲಿನ ಮೇಲೆಯೇ ಹಾಕುತ್ತಾರೆ. ಪಕ್ಕದಲ್ಲಿ ನಿಂತು ಗಮನಿಸುವವರಿದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಇದನ್ನು ನಿಮ್ಮ ತಾಯಿಗೆ ಮಾಡಿಸಬಹುದೇ, ಎಷ್ಟು ಆಸರೆ ಬೇಕು ಎಂಬುದನ್ನು ಚಿಕಿತ್ಸಕರೇ ಹೇಳಬೇಕು.

ಅವರನ್ನು ಎಬ್ಬಿಸುವಾಗ ಬಲಗೈ ಹಿಡಿದು ಎಂದೂ ಎಳೆಯಬೇಡಿ. ಸ್ನಾಯುಗಳ ಹಿಡಿತ ಸಡಿಲಗೊಂಡ ಭುಜದ ಕೀಲು ಅಷ್ಟಕ್ಕೇ ಜಾರಬಹುದು, ಆಮೇಲೆ ನೋವಿಗೆ ಹೆದರಿ ಅವರು ಕೈ ಮುಟ್ಟಲೂ ಬಿಡುವುದಿಲ್ಲ. ಕೂತಾಗ ಆ ತೋಳಿನ ಕೆಳಗೆ ದಿಂಬಿನ ಆಸರೆಯಿರಲಿ.

ವಾರದ ನಡುವೆ ಒಮ್ಮೆ ವಿಡಿಯೋ ಕರೆಯಲ್ಲಿ ನೋಡಲು ಸಾಧ್ಯವೇ ಎಂದು ಚಿಕಿತ್ಸಕರನ್ನು ಕೇಳಿ. ವ್ಯಾಯಾಮದ ವೇಳೆ ಎದೆನೋವು ಅಥವಾ ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಸಂಪರ್ಕಿಸಿ. ಮೀನಖಂಡ ಊದಿ ನೋಯುತ್ತಿದ್ದರೂ ತಡಮಾಡದೆ ತೋರಿಸಿ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ ಅಥವಾ ಹೊಸದಾಗಿ ಬಲ ಕುಂದಿದರೆ ನೇರವಾಗಿ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.