ಚರ್ಚ್ ಬಾವುಟಕ್ಕೆ ಆರು ಮೀಟರ್ ರೇಷ್ಮೆ ಸಾಕಾ?

ಸಿಸ್ಟರ್, ಈಸ್ಟರ್ ಆರಾಧನೆಯಲ್ಲಿ ಬೀಸೋಕೆ ಆರು ಬಾವುಟ, ಅದಕ್ಕೆ ಆರು ಮೀಟರ್ ರೇಷ್ಮೆ, ಅದೂ ದಪ್ಪದ್ದು ಅಂತ ಬರೆದಿದ್ದೀರಿ. ಹಾಸನದಲ್ಲಿ ನಮ್ಮ ಸಭೆಗೆ ಮೊದಲ ಸಲ ಹೊಲಿದಾಗ ನನ್ನದೂ ಇದೇ ಲೆಕ್ಕ. ಮೀಟರ್ ಆಮೇಲೆ. ಮೊದಲು ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ ಕೇಳಿ.

ಇಲ್ಲಿನ ಅಂಗಡಿಗಳಲ್ಲಿ ನನಗೆ ಸೀರೆ, ಬ್ಲೌಸ್ ಪೀಸ್ ಬಿಟ್ಟರೆ ತೆಳು ಬಿಳಿ ರೇಷ್ಮೆ ಸಿಗಲಿಲ್ಲ. ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿ ಆರು ಮೀಟರ್ ಕಳಿಸಿ ಅಂದೆ. ಪನ್ನ ಎಷ್ಟು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ತಲೆಯಲ್ಲಿ 45 ಇಂಚು, ಬಂದಿದ್ದು 36. ಮೀಟರ್‌ಗೊಂದು ಬಾವುಟ, ಪನ್ನವೇ ಅದರ ಉದ್ದವಾಗಿ 45 ಇಂಚು ಇಳಿಬೀಳಬೇಕಿತ್ತು. ಬಟ್ಟೆ ತಿರುಗಿಸಿ ಉದ್ದದಲ್ಲೇ 45 ಇಂಚು ಕತ್ತರಿಸಿದ್ದರೆ ಐದು ಬಾವುಟ ಸಲೀಸಾಗಿ ಬರುತ್ತಿದ್ದವು, ಅಗಲ ಸ್ವಲ್ಪ ಕಮ್ಮಿ ಅಷ್ಟೇ. ನನಗೋ ಆರೇ ಬೇಕು! ಇನ್ನೆರಡು ಮೀಟರ್ ತರಿಸಿ ಪ್ರತಿಯೊಂದರ ಕೆಳಗೆ ಒಂಬತ್ತು ಇಂಚಿನ ಪಟ್ಟಿ ಸೇರಿಸಿದೆ. ಟೇಬಲ್ ಮೇಲೆ ಹರಡಿದಾಗ ಚೆನ್ನಾಗೇ ಇತ್ತು. ಆದರೆ ಮಡಚಿ ಹೊಲಿದ ಕಡೆ ಬಟ್ಟೆ ನಾಲ್ಕು ಪದರ, ಜೊತೆಗೆ ದಾರ. ಬೀಸಿದರೆ ಮೇಲಿನ ಭಾಗ ಗಾಳಿ ತುಂಬಿಕೊಂಡು ಏಳುತ್ತೆ, ಕೆಳಗಿನ ಪಟ್ಟಿ ಹೊಲಿಗೆ ಹತ್ತಿರ ಮಡಚಿಕೊಂಡು ಕೋಲಿಗೆ ಸುತ್ತಿಕೊಳ್ಳುತ್ತೆ. ಬಣ್ಣಕ್ಕೆ ಅದ್ದಿದಾಗಲೂ ಅಲ್ಲೇ ಕಪ್ಪು ಗೆರೆ. ಎಂಟು ಮೀಟರ್ ದುಡ್ಡು ಕೊಟ್ಟು ಇದು.

ದಪ್ಪದ್ದು ಬಾಳಿಕೆ ಬರುತ್ತೆ ಅನ್ನೋದು ಸೀರೆ ಲೆಕ್ಕ. ಬಾವುಟಕ್ಕೆ ಹಬೊಟಾಯ್ ಅನ್ನೋ ತೆಳು, ನುಣುಪು ರೇಷ್ಮೆ, 5 ಮೊಮ್ಮೆ ಅಂತ ಕೇಳಿ. ಮೊಮ್ಮೆ ಅನ್ನೋದು ರೇಷ್ಮೆ ಬಟ್ಟೆಯ ತೂಕದ ಅಳತೆ. ಒಂದು ಮೊಮ್ಮೆ ಅಂದರೆ ಚದರ ಮೀಟರ್‌ಗೆ ಸುಮಾರು 4.34 ಗ್ರಾಂ. ಅಂದರೆ ಒಂದು ಚದರ ಮೀಟರ್ ಬಟ್ಟೆ 22 ಗ್ರಾಂ ಕೂಡ ತೂಗಲ್ಲ. 8 ಮೊಮ್ಮೆ ಆದರೂ ನಡೆಯುತ್ತೆ, ಆದರೆ ಕೈ ಬೇಗ ಸೋಲುತ್ತೆ. ಮೈಸೂರು ಸಿಲ್ಕ್ ಕ್ರೇಪ್ ಆದೀತಾ ಅಂದಿರಲ್ಲ, ಬೇಡವೇ ಬೇಡ. ಅದು ಮೈಮೇಲೆ ಇಳಿಬೀಳೋಕೆ ಚೆಂದ, ಗಾಳಿಯಲ್ಲಿ ತೇಲಲ್ಲ. ಇನ್ನು ಸಂಡೇ ಸ್ಕೂಲ್ ಮಕ್ಕಳ ಅಭ್ಯಾಸಕ್ಕೆ ಸುಮ್ನೆ ರೇಷ್ಮೆ ಯಾಕೆ? ಪಾಲಿಯೆಸ್ಟರ್ ಲೈನಿಂಗ್ ಬಟ್ಟೆ ಸಾಕು.

ಪಾರ್ಸೆಲ್ ಬಂದ ತಕ್ಷಣ ಅಂಚಿನ ಒಂದೆಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಉಂಡೆಯಾದರೆ ವಾಪಸ್ ಕಳಿಸಿ. ಅಂಚು ಮಡಿಸೋಕೆ, ಕಡ್ಡಿ ತೂರಿಸೋಕೆ ಒಂದೊಂದು ಬಾವುಟಕ್ಕೂ ಮೂರು ಇಂಚಾದರೂ ಹೆಚ್ಚು ಬೇಕು. ಹಾಗಾಗಿ 45 ಇಂಚು ಪನ್ನ ಇದ್ದರೆ ಆರೂವರೆ ಮೀಟರ್ ಹೇಳಿ, ಅದೂ ಒಂದೇ ತುಂಡಾಗಿ. ಇಲ್ಲಾಂದ್ರೆ ಉಳಿದಿರೋ ಎರಡು ತುಂಡು ಸೇರಿಸಿ ಕಳಿಸಿಬಿಡ್ತಾರೆ.