ಎಲ್ಲರನ್ನೂ ಒಂದೇ ರೀತಿ ನೋಡಿದರೆ ಸಾಕೇ?

ಹಾಸನದಿಂದ ಕೋಲಾರ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ನರ್ಸ್ ಆಗಿ ಬರುತ್ತಿದ್ದೇನೆ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಭೇದ ಮಾಡದೆ ಎಲ್ಲ ರೋಗಿಗಳನ್ನೂ ಒಂದೇ ರೀತಿ ನೋಡಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ಇದೇ ಜಿಲ್ಲೆಯ ವಾರ್ಡುಗಳಲ್ಲಿ ಬಹುಕಾಲ ದುಡಿದವಳಾಗಿ ಹೇಳುತ್ತಿದ್ದೇನೆ.

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳ ಮನೆಗಳಲ್ಲಿ ತೆಲುಗು. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಕಾರ್ಮಿಕರ ತಮಿಳು ಕುಟುಂಬಗಳು ಅಲ್ಲೇ ಇವೆ. ಕೋಲಾರ ಪಟ್ಟಣದಲ್ಲಿ ಉರ್ದು. ಕನ್ನಡ ಹೆಚ್ಚಿನವರಿಗೆ ತಿಳಿಯುತ್ತದೆ, ಆದರೆ ನೋವು ತಿನ್ನುವಾಗ ಬಾಯಿಗೆ ಬರುವುದು ಮನೆಮಾತೇ. ನೋವು ಎಲ್ಲಿ, ಎಷ್ಟು ದಿನದಿಂದ ಎಂದು ಕೇಳುವಷ್ಟು ತೆಲುಗು ಬೇಗ ಬಂದುಬಿಡುತ್ತದೆ. ಆ ಧೈರ್ಯದಲ್ಲಿ ಇನ್ಸುಲಿನ್ ಪ್ರಮಾಣ ವಿವರಿಸಲು ಮಾತ್ರ ಹೋಗಬೇಡಿ. ಭಾಷೆ ಬಲ್ಲ ಸಹೋದ್ಯೋಗಿಯನ್ನು ಕರೆಯಿರಿ. ಶಾಲೆಗೆ ಹೋಗುವ ಮಗನನ್ನು ಮಾತು ಅನುವಾದಿಸಲು ನಡುವೆ ನಿಲ್ಲಿಸಿಕೊಂಡು ತಾಯಿಯ ಮುಟ್ಟಿನ ತೊಂದರೆ ವಿಚಾರಿಸಿದ್ದನ್ನು ಕಂಡಿದ್ದೇನೆ. ಆಕೆ ಏನೂ ಇಲ್ಲವೆಂದು ಎದ್ದು ಹೋದರು. ಗಂಡ ಮಧ್ಯೆ ನಿಂತರೂ ಕಥೆ ಅದೇ. ಕೊನೆಯಲ್ಲಿ ‘ಅರ್ಥವಾಯಿತೇ’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ಮಾತ್ರೆ ಯಾವಾಗ, ಎಷ್ಟು ನುಂಗುತ್ತೀರಿ, ನೀವೇ ಹೇಳಿ ಎನ್ನಿ.

ಒಂದೇ ಪಥ್ಯದ ಚೀಟಿಯನ್ನು ಎಲ್ಲರ ಕೈಗಿಡುವುದು ಸಮಾನತೆಯಲ್ಲ, ಸೋಮಾರಿತನ. ಹುಟ್ಟಿದಾಗಿನಿಂದ ಮುದ್ದೆ ಉಂಡ ಸಕ್ಕರೆ ಕಾಯಿಲೆಯ ಅಜ್ಜನಿಗೆ ಓಟ್ಸ್ ಹೇಳಿ ಫಲವೇನು? ಮುದ್ದೆಯ ಗಾತ್ರ ಇಳಿಸಿ, ಸೊಪ್ಪು, ಕಾಳು ಹೆಚ್ಚಿಸಲು ಹೇಳಿ. ರಂಜಾನ್‌ಗೆ ಒಂದೆರಡು ತಿಂಗಳು ಮೊದಲೇ ಸಕ್ಕರೆ ಕಾಯಿಲೆಯ ಮುಸ್ಲಿಂ ರೋಗಿಗಳೊಂದಿಗೆ ಮಾತಾಡಿ, ವೈದ್ಯರ ಬಳಿ ಕಳಿಸಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ರೋಜಾ ಉಪವಾಸದ ವೇಳೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಸಹರಿ (ನಸುಕಿನ ಊಟ), ಇಫ್ತಾರ್ (ಸಂಜೆ ಉಪವಾಸ ಮುರಿಯುವ ಊಟ) ಸಮಯಕ್ಕೆ ಔಷಧಿ ಹೊಂದಿಸಬಹುದೋ, ಉಪವಾಸವೇ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಲಿ. ಸುಮ್ಮನೆ ಉಪವಾಸ ಬಿಡಿ ಎಂದು ಗದರಿದರೆ ಅವರು ಉಪವಾಸ ಬಿಡುವುದಿಲ್ಲ, ಆಸ್ಪತ್ರೆಗೆ ಬರುವುದನ್ನು ಬಿಡುತ್ತಾರೆ.

ಇನ್ನು ಜಾತಿ. ತರಬೇತಿಯಲ್ಲಿ ಇದರ ಬಗ್ಗೆ ಗಂಟಲು ಸರಿಪಡಿಸಿಕೊಂಡು ಮುಂದೆ ಹೋಗುತ್ತಾರೆ. 2011ರ ಜನಗಣತಿಯಂತೆ ಈ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 30. ನಿನಗೆ ಚಿಕಿತ್ಸೆ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಟ್ಟೆ ಮುಟ್ಟಿ ನೋಡದೆ ದೂರದಿಂದಲೇ ಚೀಟಿ ಬರೆಯುತ್ತಾರೆ, ಮಾತ್ರೆಯನ್ನು ಮೇಜಿನ ಮೇಲೆ ಎಸೆಯುತ್ತಾರೆ, ಒಬ್ಬ ಅಜ್ಜಿಗೆ ‘ಬನ್ನಿ’, ಪಕ್ಕದ ಅಜ್ಜಿಗೆ ‘ಬಾರೇ’. ಊರಿನ ಹೆಸರು ಬರೆದುಕೊಂಡ ಮೇಲೆ ಜಾತಿ ತಿಳಿಯಲು ‘ಊರೊಳಗೋ, ಕಾಲೊನಿಯೋ’ ಎಂದು ಕೇಳುವುದರಿಂದ ಯಾವ ರೋಗವೂ ಪತ್ತೆಯಾಗುವುದಿಲ್ಲ.

ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆಯೇ ಇದೆ: ಚಿಕಿತ್ಸೆ ನಿರಾಕರಿಸುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಸೋಂಕಿನ ವಿಷಯ ಬಯಲು ಮಾಡುವಂತಿಲ್ಲ. ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಮಂಚಕ್ಕೆ ನೇತುಹಾಕುವವರಿಗೆ ಇದನ್ನು ನೆನಪಿಸಿ. ರಕ್ತ ಮುಟ್ಟುವಾಗ ಕೈಗವಸು ಎಲ್ಲ ರೋಗಿಗಳಿಗೂ ಬೇಕು, ಒಬ್ಬರಿಗಾಗಿ ಎರಡೆರಡು ಜೊತೆ ಹಾಕಿಕೊಳ್ಳುವ ನಾಟಕ ಬೇಡ. ಲಿಂಗತ್ವ ಅಲ್ಪಸಂಖ್ಯಾತರು ಬಂದರೆ ಅವರು ಹೇಳಿದ ಹೆಸರಿನಿಂದಲೇ ಕರೆಯಿರಿ, ಯಾವ ವಾರ್ಡ್ ಎಂದು ಅವರನ್ನೇ ಕೇಳಿ.

ಮುಂದೊಂದು ದಿನ ಗೊಂದಲವಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಒಳಪರೀಕ್ಷೆಗೆ ಮಹಿಳಾ ವೈದ್ಯರೇ ಬೇಕು ಎಂದು ಹೆಂಗಸು ಕೇಳಿದರೆ ಆದಷ್ಟೂ ಏರ್ಪಾಡು ಮಾಡಿ. ‘ಆ ಸಿಸ್ಟರ್ ಸೂಜಿ ಹಾಕುವುದು ಬೇಡ, ಅವರ ಜಾತಿ ಗೊತ್ತು’ ಎಂದು ಯಾರಾದರೂ ಅಂದರೆ ಅವರ ಬದಲು ನೀವು ಹಾಕಲು ಹೋಗಬೇಡಿ. ಆ ಸಿಸ್ಟರ್ ಕೈಯಲ್ಲೇ ಹಾಕಿಸಿ.